ಅಪ್ಪ ಅಮ್ಮನ ಜೊತೆ ವೀಕೆಂಡಿಗೆ ಆಮ್‌ಸ್ಟರ್‌ಡ್ಯಾಮ್: ಏನು ನೋಡೋದು, ಏನು ಬಿಡೋದು?

ಹೇಮಾವತಿ ತೀರ (ಡ್ಯೂಸೆಲ್‌ಡಾರ್ಫ್)

ಎಲ್ಲರಿಗೂ ನಮಸ್ಕಾರ. ಹಾಸನದಿಂದ ಅಪ್ಪ ಅಮ್ಮ ನಮ್ಮ ಮನೆಗೆ ಬಂದಿದ್ದಾರೆ. ಮೇ ತಿಂಗಳಲ್ಲಿ ಒಂದು ವೀಕೆಂಡ್ ಅವರನ್ನು ಆಮ್‌ಸ್ಟರ್‌ಡ್ಯಾಮಿಗೆ ಕರೆದುಕೊಂಡು ಹೋಗೋಣ ಅಂತಿದ್ದೇವೆ. ಇಲ್ಲಿಂದ ರೈಲಿನಲ್ಲಿ ಎರಡು ಗಂಟೆ ಚಿಲ್ಲರೆ ಅಷ್ಟೆ. ಶುಕ್ರವಾರ ರಾತ್ರಿ ಹೋಗಿ ಭಾನುವಾರ ಸಂಜೆ ವಾಪಸ್.

ಅಪ್ಪ ನೀರಾವರಿ ಇಲಾಖೆಯಲ್ಲಿ ಇಂಜಿನಿಯರ್ ಆಗಿದ್ದು ರಿಟೈರ್ ಆದವರು. ನಾಲೆ, ತೂಬು, ಗೇಟು ಅಂದರೆ ಊಟ ಬಿಟ್ಟು ನೋಡುತ್ತಾರೆ. ಅಮ್ಮನಿಗೆ ಮಂಡಿ ನೋವು. ಸಮತಟ್ಟಾದ ಕಡೆ ನಿಧಾನಕ್ಕೆ ನಡೆಯುತ್ತಾರೆ, ಮೆಟ್ಟಿಲು ಮಾತ್ರ ಆಗುವುದಿಲ್ಲ. ಇಬ್ಬರೂ ಸಸ್ಯಾಹಾರಿಗಳು, ಮೊಟ್ಟೆನೂ ಇಲ್ಲ.

ವಿಡಿಯೊ ನೋಡಿ ನೋಡಿ ನನ್ನ ಪಟ್ಟಿ ಉದ್ದ ಆಗಿದೆ. ವ್ಯಾನ್ ಗೋ ಮ್ಯೂಸಿಯಂ, ರೈಕ್ಸ್‌ಮ್ಯೂಸಿಯಂ, ಆನ್ ಫ್ರಾಂಕ್ ಮನೆ, ಬೋಟ್, ಗಾಳಿಯಂತ್ರ, ಟ್ಯುಲಿಪ್ ತೋಟ, ಚೀಸ್ ಅಂಗಡಿ... ಇದರಲ್ಲಿ ಏನು ಇಟ್ಟುಕೊಳ್ಳಲಿ, ಏನು ಬಿಡಲಿ? ಆ ಕೆಂಪು ದೀಪದ ಬೀದಿ ಸ್ಟೇಷನ್ ಹತ್ತಿರವೇ ಇದೆಯಂತೆ. ಆ ಕಡೆ ಹೋಗದೆ ಊರು ನೋಡಬಹುದಾ? ಅಲ್ಲಿರುವವರು, ಹೋಗಿ ಬಂದವರು ದಯವಿಟ್ಟು ಹೇಳಿ.

ಲಂಡನ್ ಕನ್ನಡತಿ

ಮೊದಲು ಟಿಕೆಟ್ ವಿಷಯ. ವ್ಯಾನ್ ಗೋ ಮ್ಯೂಸಿಯಂ, ಆನ್ ಫ್ರಾಂಕ್ ಮನೆ, ಎರಡಕ್ಕೂ ಆನ್‌ಲೈನಿನಲ್ಲಿ ಹೊತ್ತು ಗೊತ್ತು ಮಾಡಿಕೊಂಡು ಹೋಗಬೇಕು. ಬಾಗಿಲಿಗೆ ಹೋಗಿ ಕೇಳಿದರೆ ಸಿಗುವುದಿಲ್ಲ. ಆನ್ ಫ್ರಾಂಕ್ ಮನೆಯ ಟಿಕೆಟ್ ಪ್ರತಿ ಮಂಗಳವಾರ ಬಿಡುತ್ತಾರೆ, ಆರು ವಾರದ ನಂತರದ ದಿನಗಳಿಗೆ. ವೀಕೆಂಡಿನವು ಬೇಗ ಖಾಲಿ.

ಆದರೆ ಅಮ್ಮನ ಮಂಡಿ ವಿಚಾರ ಹೇಳಿದಿರಲ್ಲ, ಅದಕ್ಕೆ ಹೇಳುತ್ತೇನೆ. ಆನ್ ಫ್ರಾಂಕ್ ಎಂಬ ಯಹೂದಿ ಹುಡುಗಿಯ ಕುಟುಂಬ ನಾಜಿಗಳಿಗೆ ಹೆದರಿ 1942ರ ಜುಲೈನಿಂದ 1944ರ ಆಗಸ್ಟ್ 4ರವರೆಗೆ ಅಡಗಿದ್ದ ಹಿಂಬದಿಯ ಮನೆಗೆ ಹತ್ತುವ ಮೆಟ್ಟಿಲು ತುಂಬಾ ಕಡಿದು. ಲಿಫ್ಟ್ ಇಲ್ಲ. ಹುಡುಗಿ ಡೈರಿ ಬರೆದ ಕೋಣೆಯಲ್ಲಿ ನಿಂತರೆ ಮನಸ್ಸು ಭಾರವಾಗುತ್ತದೆ, ನೋಡಲೇಬೇಕಾದ ಜಾಗ ಅದು. ಅಮ್ಮನಿಗೆ ಮಾತ್ರ ಬೇಡ. ಹಿಂದಿನ ರಾತ್ರಿ ಅವರಿಗೆ ಆ ಕತೆ ಹೇಳಿ. ಆ ಮನೆ ಇರುವ ಪ್ರಿನ್ಸೆನ್‌ಗ್ರಾಖ್ಟ್ ಕಾಲುವೆಯ ದಡದಲ್ಲಿ ನಡೆಯುವಾಗ 263ನೇ ನಂಬರಿನ ಮನೆ ತೋರಿಸಿ.

ಆಮ್ಸ್ಟೆಲ್ ದಂಡೆ (ಆಮ್‌ಸ್ಟೆಲ್ವೇನ್)

ಹೇಮಾವತಿ ಅವರೇ, ನಾನು ಇಲ್ಲೇ ಪಕ್ಕದಲ್ಲಿರುವುದು. ಊರಿಂದ ಯಾರೇ ಬಂದರೂ ಕರೆದುಕೊಂಡು ಓಡಾಡುವ ಕೆಲಸ ನನ್ನದೇ. ಅದಕ್ಕೆ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ.

ನಿಮ್ಮ ಪಟ್ಟಿಯಲ್ಲಿ ಎಲ್ಲವೂ ಇದೆ, ಊರು ಒಂದೇ ಇಲ್ಲ. ಈ ಊರಿನ ದೊಡ್ಡ ವಸ್ತು ಮ್ಯೂಸಿಯಂ ಒಳಗೆ ಇಲ್ಲ, ಬೀದಿಯಲ್ಲೇ ಇದೆ. ಅದು ನೀರು. ನಿಮ್ಮ ಅಪ್ಪನಂಥವರು ಬಂದಾಗ ನೀರಿನ ಹಿಂದೆಯೇ ಹೋಗಬೇಕು.

ಮ್ಯಾಪ್ ತೆಗೆದು ನೋಡಿ. ಸ್ಟೇಷನ್ನಿನ ಕೆಳಗೆ ಕಾಲುವೆಗಳು ಅರ್ಧ ಹೆಚ್ಚಿದ ಈರುಳ್ಳಿಯ ಪದರದ ಹಾಗೆ ಒಂದರ ಸುತ್ತ ಒಂದು ಹೋಗಿವೆ. ಒಳಗಿನದು ಸಿಂಗೆಲ್, ಆಮೇಲೆ ಹೇರೆನ್‌ಗ್ರಾಖ್ಟ್, ಕೈಜರ್ಸ್‌ಗ್ರಾಖ್ಟ್, ಪ್ರಿನ್ಸೆನ್‌ಗ್ರಾಖ್ಟ್. ಸಿಂಗೆಲ್ ಹಳೆಯ ಊರಿನ ಕಂದಕ. ಹೊರಗಿನ ಮೂರನ್ನು 1613ರಿಂದ ಪ್ಲಾನ್ ಹಾಕಿ ತೋಡಿದರು. ಊರು ಬೆಳೆದ ಮೇಲೆ ನೀರು ಬಂದದ್ದಲ್ಲ. ಮೊದಲು ಕಾಲುವೆ ತೋಡಿ, ಆ ಮಣ್ಣಿನಿಂದ ಪಕ್ಕದ ನೆಲ ಎತ್ತರಿಸಿ, ಆಮೇಲೆ ಸೈಟು ಮಾರಿದರು. ಸರಕು ದೋಣಿಯಲ್ಲಿ ಮನೆ ಬಾಗಿಲಿಗೇ ಬರುತ್ತಿತ್ತು. 2010ರಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆ ಪಟ್ಟಿಗೆ ಸೇರಿಸಿತು.

ಶನಿವಾರ ಬೆಳಿಗ್ಗೆ ಯೋರ್ಡಾನ್ ಅನ್ನುವ ಬಡಾವಣೆಯಿಂದ ಶುರು ಮಾಡಿ. ನೂರ್ಡರ್‌ಮಾರ್ಕ್ಟ್ ಅನ್ನುವ ಚರ್ಚ್ ಮುಂದಿನ ಚೌಕದಲ್ಲಿ ಶನಿವಾರ ರೈತರ ಸಂತೆ ಇರುತ್ತದೆ. ಸೊಪ್ಪು, ಅಣಬೆ, ಬ್ರೆಡ್, ಜೇನು, ಚೀಸ್. ಅಮ್ಮನಿಗೆ ಖಂಡಿತ ಇಷ್ಟ ಆಗುತ್ತದೆ. ಅಲ್ಲಿಂದ ಎರಡು ಹೆಜ್ಜೆಗೆ ಬ್ರೌವರ್ಸ್‌ಗ್ರಾಖ್ಟ್. ಹಿಂದೆ ಬಿಯರ್ ಮಾಡುವವರ ಗೋದಾಮು ಇದ್ದ ಕಾಲುವೆ. ದೊಡ್ಡ ದೊಡ್ಡ ಮರದ ಕಿಟಕಿ ಬಾಗಿಲು ಈಗಲೂ ಹಾಗೇ ಇವೆ. ಆಮೇಲೆ ಪ್ರಿನ್ಸೆನ್‌ಗ್ರಾಖ್ಟ್ ಹಿಡಿದು ವೆಸ್ಟರ್‌ಕೆರ್ಕ್ ಚರ್ಚಿನವರೆಗೆ ನಡೆಯಿರಿ. ಒಂದು ಕಿಲೋಮೀಟರ್ ಆಸುಪಾಸು. ಸೇತುವೆ ಏರು ಬಿಟ್ಟರೆ ಎಲ್ಲ ಸಮ. ಅಲ್ಲಲ್ಲಿ ಬೆಂಚು ಸಿಗುತ್ತದೆ. ಆತುರ ಮಾಡಬೇಡಿ, ಅಷ್ಟಕ್ಕೇ ಅರ್ಧ ದಿನ ಕೊಡಿ.

ನಡೆಯುವಾಗ ತಲೆ ಎತ್ತಿ ಮನೆಗಳ ನೆತ್ತಿ ನೋಡಿ. ಪ್ರತಿ ಮನೆಯ ತುದಿಯಲ್ಲೂ ಒಂದು ತೊಲೆ ಹೊರಗೆ ಚಾಚಿರುತ್ತದೆ, ಅದರ ಮೂತಿಗೆ ಕಬ್ಬಿಣದ ಕೊಕ್ಕೆ. ಮನೆ ಕಿರಿದು, ಒಳಗಿನ ಮೆಟ್ಟಿಲು ಇನ್ನೂ ಕಿರಿದು, ಮಂಚ ಬೀರು ಒಳಗಿಂದ ಮೇಲೆ ಹೋಗುವುದಿಲ್ಲ. ಹಾಗಾಗಿ ಕೊಕ್ಕೆಗೆ ರಾಟೆ ಕಟ್ಟಿ, ಹಗ್ಗದಲ್ಲಿ ಎಳೆದು ಕಿಟಕಿಯಿಂದ ಒಳಗೆ ತೆಗೆದುಕೊಳ್ಳುತ್ತಾರೆ. ಇವತ್ತಿಗೂ ಮನೆ ಬದಲಾಯಿಸುವಾಗ ಇದನ್ನು ನೋಡಬಹುದು. ಎಷ್ಟೋ ಮನೆಗಳ ಮುಂದಿನ ಗೋಡೆ ಸ್ವಲ್ಪ ಬೀದಿ ಕಡೆ ಬಾಗಿರುತ್ತದೆ. ಸಾಮಾನು ಎಳೆಯುವಾಗ ಗೋಡೆಗೆ ತಗುಲಬಾರದು ಅಂತ ಹಾಗೆ ಕಟ್ಟಿದರು. ಪಕ್ಕಕ್ಕೆ ವಾಲಿರುವ ಮನೆಗಳ ಕತೆ ಬೇರೆ, ಅವು ಅಡಿಪಾಯ ಕುಸಿದು ವಾಲಿದವು.

ಬಾಗಿಲ ಮೇಲೆ ಅಲ್ಲಲ್ಲಿ ಬಣ್ಣ ಹಚ್ಚಿದ ಸಣ್ಣ ಕಲ್ಲಿನ ಕೆತ್ತನೆ ಕಾಣುತ್ತದೆ. ಒಂದರಲ್ಲಿ ಮೀನು, ಒಂದರಲ್ಲಿ ಹಡಗು, ಒಂದರಲ್ಲಿ ಕುರಿ. ಮನೆ ನಂಬರು ಬರುವ ಮುಂಚೆ ವಿಳಾಸ ಅಂದರೆ ಇದೇ. ಅಮ್ಮನಿಗೆ ಇದನ್ನು ಹುಡುಕುವ ಕೆಲಸ ಕೊಡಿ, ನಡೆದದ್ದೇ ಗೊತ್ತಾಗುವುದಿಲ್ಲ.

ಕೆಂಪು ದೀಪದ ಬೀದಿಗೆ ಹೋಗಲೇಬೇಕು ಅಂತೇನೂ ಇಲ್ಲ. ಸ್ಟೇಷನ್ನಿನಿಂದ ಹೊರಬಂದು ಬಲಕ್ಕೆ ಹೋದರೆ ನಾನು ಹೇಳಿದ ದಾರಿ. ಆ ಬೀದಿಗಳು ಎಡಗಡೆಗೆ ಉಳಿಯುತ್ತವೆ.

ಕುಂದಾಪ್ರದ ಹುಡುಗ (ರಾಟರ್‌ಡ್ಯಾಮ್)

ದಂಡೆ ಅಕ್ಕ ಚೆನ್ನಾಗಿ ಹೇಳಿದ್ದಾರೆ. ಆದರೂ ನಾನು ಬೋಟ್ ಪರ. ಮೊದಲು ಬೋಟಿನಲ್ಲಿ ಒಂದು ಸುತ್ತು ಹೊಡೆದರೆ ಊರಿನ ಆಕಾರ ತಲೆಗೆ ಹತ್ತುತ್ತದೆ. ಆಮೇಲೆ ನಡೆದರೆ ಎಲ್ಲಿದ್ದೇವೆ ಅಂತ ಗೊತ್ತಿರುತ್ತದೆ. ಮಂಡಿ ನೋವಿನವರಿಗೆ ಕೂತುಕೊಂಡೇ ಇಷ್ಟು ನೋಡಲು ಬೇರೆ ದಾರಿ ಇಲ್ಲ.

ಇನ್ನೊಂದು ಮಾತು. 1602ರಲ್ಲಿ ಇದೇ ಊರಿನ ವ್ಯಾಪಾರಿಗಳು ಮುಂದೆ ನಿಂತು ಡಚ್ ಈಸ್ಟ್ ಇಂಡಿಯಾ ಕಂಪನಿ ಶುರು ಮಾಡಿದರು. ಅದರ ಷೇರು ಇಲ್ಲೇ ಜನರ ಕೈ ಬದಲಾಗುತ್ತಿತ್ತು. ಆ ಕಂಪನಿಯವರು 17ನೇ ಶತಮಾನದಲ್ಲಿ ನಮ್ಮ ಬಸ್ರೂರಿಗೂ ಬಂದಿದ್ದರು. ಕೆಳದಿ ಅರಸರ ಕಾಲ. ಅಕ್ಕಿ, ಕಾಳುಮೆಣಸು ಕೊಳ್ಳುತ್ತಿದ್ದರು. ಬಸ್ರೂರಿನ ಹಳೇ ಬಂದರು ಜಾಗ ನೋಡಿಕೊಂಡೇ ಬೆಳೆದವನು ನಾನು. ಆಮ್‌ಸ್ಟರ್‌ಡ್ಯಾಮಿನ ಗೋದಾಮಿನ ಮುಂದೆ ನಿಂತಾಗ ಆ ಮೆಣಸಿನ ಮೂಟೆ ನೆನಪಾಗದೆ ಇರುವುದಿಲ್ಲ. ಅಪ್ಪನವರಿಗೆ ಹಡಗು ಇಷ್ಟ ಇದ್ದರೆ ಸ್ಖೇಪ್‌ಫಾರ್ಟ್ ಮ್ಯೂಸಿಯಂ ನೋಡಿ. 1656ರಲ್ಲಿ ನೌಕಾಪಡೆಯ ಉಗ್ರಾಣವಾಗಿ ಕಟ್ಟಿದ್ದು. 1749ರಲ್ಲಿ ಇಂಗ್ಲೆಂಡ್ ಕರಾವಳಿಯಲ್ಲಿ ಸಿಕ್ಕಿಹಾಕಿಕೊಂಡು ಹಾಳಾದ ‘ಆಮ್‌ಸ್ಟರ್‌ಡ್ಯಾಮ್’ ಎಂಬ ಕಂಪನಿ ಹಡಗಿನ ಪ್ರತಿರೂಪ ಕಟ್ಟಿ ಇಟ್ಟಿದ್ದಾರೆ.

ಆಮ್ಸ್ಟೆಲ್ ದಂಡೆ

ಬೋಟ್ ಬೇಡ ಅಂದಿಲ್ಲಪ್ಪ. ಮಧ್ಯಾಹ್ನ ಬೇಡ ಅಂತೀನಿ. ಮೇ ತಿಂಗಳಲ್ಲಿ ಸೂರ್ಯ ಮುಳುಗುವುದು ರಾತ್ರಿ ಒಂಬತ್ತರ ಮೇಲೆ. ಊಟ ಮುಗಿಸಿ, ಕತ್ತಲಾಗುವ ಹೊತ್ತಿನ ಕೊನೆಯ ಬೋಟ್ ಹಿಡಿಯಲಿ. ಸೇತುವೆಯ ಕಮಾನಿಗೆ ಬಲ್ಬಿನ ಸಾಲು ಹತ್ತಿಸುತ್ತಾರೆ. ಹೇರೆನ್‌ಗ್ರಾಖ್ಟ್ ಮತ್ತು ರೇಖುಲಿಯರ್ಸ್‌ಗ್ರಾಖ್ಟ್ ಕೂಡುವ ಮೂಲೆಯಲ್ಲಿ ಬೋಟ್ ನಿಂತಾಗ ಒಂದರ ಹಿಂದೆ ಒಂದು ಏಳು ಸೇತುವೆ ಒಂದೇ ನೇರಕ್ಕೆ ಕಾಣುತ್ತವೆ. ನೀರಿನ ಮಟ್ಟದಲ್ಲಿ ಕೂತವರಿಗೆ ಮಾತ್ರ ಅದು ಸರಿಯಾಗಿ ಕಾಣುವುದು.

ಮಂಡಿ ನೋವಿಗೆ ಒಂದು ಸೂಚನೆ. ಸಣ್ಣ ತೆರೆದ ದೋಣಿ ಚೆಂದ, ಆದರೆ ದಡದಿಂದ ಕೆಳಗೆ ಕಾಲಿಟ್ಟು ಇಳಿಯಬೇಕು, ಅದು ಅಲ್ಲಾಡುತ್ತಿರುತ್ತದೆ. ಸ್ಟೇಷನ್ ಎದುರಿನ ಕಟ್ಟೆಯಿಂದ ಹೊರಡುವ ಗಾಜಿನ ಚಾವಣಿಯ ದೊಡ್ಡ ಬೋಟೇ ಅಮ್ಮನಿಗೆ ಸರಿ. ಬುಕ್ ಮಾಡುವ ಮುಂಚೆ ಎಷ್ಟು ಮೆಟ್ಟಿಲು ಅಂತ ಕೇಳಿ.

ಮಲಪ್ರಭಾ (ಡೆಲ್ಫ್ಟ್, ವಿದ್ಯಾರ್ಥಿ)

ನಾನು ಇಲ್ಲಿ ನೀರಿನ ಇಂಜಿನಿಯರಿಂಗ್ ಓದುತ್ತಿದ್ದೇನೆ. ಹೇಮಾವತಿ ಅಕ್ಕನ ಅಪ್ಪಾಜಿ ವಿಷಯ ಓದಿ ಸುಮ್ಮನಿರಲು ಆಗಲಿಲ್ಲ! ಅಂಕಲ್‌ಗೆ ತೋರಿಸಬೇಕಾದ್ದು ಇವು.

ಮೊದಲನೆಯದು ಆಮ್ಸ್ಟೆಲ್ ನದಿಯ ಮೇಲಿನ ಲಾಕ್, ಆಮ್ಸ್ಟೆಲ್‌ಸ್ಲೌಜನ್. ಕಾರೇ ಥಿಯೇಟರ್ ಮುಂದೆಯೇ ಇದೆ. 17ನೇ ಶತಮಾನದ ಕೊನೆ ಭಾಗದ್ದು. ನದಿಗೆ ಅಡ್ಡಲಾಗಿ ಸಾಲು ಬಾಗಿಲು. ಕಾಲುವೆ ನೀರು ನಿಂತು ಕೊಳೆಯಬಾರದು ಅಲ್ವಾ? ವಾರದಲ್ಲಿ ಕೆಲವು ರಾತ್ರಿ ಊರಿನ ಲಾಕುಗಳನ್ನು ಮುಚ್ಚಿ, ಪೂರ್ವಕ್ಕಿರುವ ಐಮೇರ್ ಸರೋವರದ ನೀರನ್ನು ಕಾಲುವೆಗಳಿಗೆ ಹರಿಸಿ, ಹಳೆಯ ನೀರನ್ನು ಇನ್ನೊಂದು ಕಡೆ ಹೊರಗೆ ತಳ್ಳುತ್ತಾರೆ. ಹಾಗಾಗಿಯೇ ಇಷ್ಟು ಜನರ ಊರಿನ ನಡುವೆ ನಿಂತ ನೀರು ನಾರುವುದಿಲ್ಲ. ನೂರಾರು ವರ್ಷ ಈ ಕಾಲುವೆಗಳೇ ಊರಿನ ಚರಂಡಿ ಆಗಿದ್ದವು. ಬೇಸಿಗೆಯ ನಾತಕ್ಕೆ ಹಣವಂತರು ಹಳ್ಳಿ ಮನೆಗಳಿಗೆ ಓಡುತ್ತಿದ್ದರು.

ಎರಡನೆಯದು ನೀರಿನ ಮಟ್ಟ. ಕಾಲುವೆ ನೀರನ್ನು ಆಮ್‌ಸ್ಟರ್‌ಡ್ಯಾಮಿನ ಸೊನ್ನೆ ಗುರುತಿಗಿಂತ (ಈ ದೇಶದಲ್ಲಿ ಎತ್ತರ ಅಳೆಯುವುದು ಇದರಿಂದಲೇ) 40 ಸೆಂಟಿಮೀಟರ್ ಕೆಳಗೆ ಹಿಡಿದಿಡುತ್ತಾರೆ. ಅದು ಏರಲೂಬಾರದು, ಇಳಿಯಲೂಬಾರದು. ಏರಿದರೆ ನೆಲಮಾಳಿಗೆ ಮುಳುಗುತ್ತದೆ, ಅದು ಎಲ್ಲರಿಗೂ ಗೊತ್ತು. ಇಳಿದರೆ ಇನ್ನೂ ಕಷ್ಟ. ಹಳೆಯ ಊರೆಲ್ಲ ಮರದ ಕಂಬದ ಮೇಲೆ ನಿಂತಿದೆ. ಮೇಲಿನದು ಜೌಗು ಮಣ್ಣು, ಗಟ್ಟಿ ಮರಳು ಸಿಗುವುದು ಸುಮಾರು 12 ಮೀಟರ್ ಕೆಳಗೆ, ಅಲ್ಲಿವರೆಗೆ ಕಂಬ ಹೊಡೆದಿದ್ದಾರೆ. ಡ್ಯಾಮ್ ಚೌಕದ ಅರಮನೆಯೊಂದಕ್ಕೇ 13,659 ಕಂಬ! ಮರ ನೀರಿನಲ್ಲಿ ಮುಳುಗಿದ್ದರೆ ಶತಮಾನ ಕಳೆದರೂ ಇರುತ್ತದೆ. ತಲೆ ಹೊರಗೆ ಬಂದು ಗಾಳಿ ತಾಗಿತೋ, ಕೊಳೆಯಲು ಶುರು.

ಆ ಸೊನ್ನೆ ಗುರುತನ್ನೇ ಕಣ್ಣಾರೆ ನೋಡಬಹುದು. ಸ್ಟೋಪೇರಾ ಅಂತಾರೆ, ನಗರ ಸಭೆ ಮತ್ತು ಒಪೆರಾ ಒಂದೇ ಕಟ್ಟಡದಲ್ಲಿವೆ. ಒಳಗೆ ಗಾಜಿನ ಕೊಳವೆಗಳಲ್ಲಿ ನೀರು ನಿಲ್ಲಿಸಿದ್ದಾರೆ. ಎರಡರಲ್ಲಿ ಐಮೌಡನ್ ಮತ್ತು ಫ್ಲಿಸಿಂಗನ್ ಕರಾವಳಿಯ ಈ ಹೊತ್ತಿನ ಸಮುದ್ರ ಮಟ್ಟ. ಮೂರನೆಯದರ ನೀರು ತಲೆಯಿಂದ ಎಷ್ಟೋ ಮೇಲೆ, 4.55 ಮೀಟರ್ ಎತ್ತರದಲ್ಲಿ. 1953ರ ಪ್ರವಾಹದಲ್ಲಿ ನೈರುತ್ಯದ ಜೇಲಾಂಡ್ ಕಡೆ ನೀರು ಬಂದಿದ್ದು ಅಷ್ಟು. ಆ ರಾತ್ರಿ ಈ ದೇಶದಲ್ಲಿ 1,800ಕ್ಕೂ ಹೆಚ್ಚು ಜನ ಸತ್ತರು. ವೀಕೆಂಡಿನಲ್ಲಿ ಯಾವ ಹೊತ್ತು ತೆರೆದಿರುತ್ತದೆ ಅಂತ ನೋಡಿಕೊಂಡು ಹೋಗಿ.

ಇನ್ನೊಂದು ಹೇಳಲೇಬೇಕು. ಹಾರ್ಲೆಮ್ ಪಕ್ಕದಲ್ಲಿ ಕ್ರೂಕಿಯಸ್ ಅನ್ನುವ ಹಳೆಯ ಪಂಪ್‌ಹೌಸ್ ಇದೆ, ಈಗ ಮ್ಯೂಸಿಯಂ. ಹಾರ್ಲೆಮರ್‌ಮೇರ್ ಅನ್ನುವ ದೊಡ್ಡ ಸರೋವರವನ್ನು ಮೂರು ಉಗಿ ಪಂಪುಗಳಿಂದ 1852ರ ಹೊತ್ತಿಗೆ ಪೂರ್ತಿ ಬತ್ತಿಸಿದರು. ಅದರಲ್ಲಿ ಇದೊಂದು. ಉಗಿಯಂತ್ರದ ಸಿಲಿಂಡರ್ ಅಡ್ಡಳತೆಯೇ ಮೂರೂವರೆ ಮೀಟರಿಗಿಂತ ಜಾಸ್ತಿ. ಇವತ್ತು ಸ್ಖಿಪೋಲ್ ವಿಮಾನ ನಿಲ್ದಾಣ ನಿಂತಿರುವುದು ಆ ಸರೋವರದ ತಳದಲ್ಲಿ!

ಹೇಮಾವತಿ ತೀರ

ಮಲಪ್ರಭಾ, ನಿಮ್ಮ ಬರಹವನ್ನು ಅಪ್ಪನಿಗೆ ಓದಿ ಹೇಳಿದೆ. ಕನ್ನಡಕ ಹಾಕಿಕೊಂಡು ಮತ್ತೆ ತಾವೇ ಓದಿದರು. ಲಾಕ್ ಮತ್ತು ಪಂಪ್‌ಹೌಸ್ ಪಕ್ಕಾ ಅಂತ ಅವರೇ ತೀರ್ಮಾನ ಮಾಡಿಬಿಟ್ಟಿದ್ದಾರೆ. ಅವರ ಒಂದು ಪ್ರಶ್ನೆ: ದಡದ ಗೋಡೆಗಳ ಗತಿ ಏನು? ಅವೂ ಮರದ ಕಂಬದ ಮೇಲೆಯೇ ಇವೆಯಾ? ಈಗಿನ ಲಾರಿ ಭಾರ ತಡೆಯುತ್ತವೆಯಾ?

ಊಟದ ಬಗ್ಗೆಯೂ ಯಾರಾದರೂ ಹೇಳಿ.

ಮಲಪ್ರಭಾ

ಅಂಕಲ್ ಸರಿಯಾದ ಜಾಗಕ್ಕೇ ಕೈ ಹಾಕಿದ್ದಾರೆ. ಹೌದು, ಅವೂ ಕಂಬದ ಮೇಲೆಯೇ. ಕುದುರೆ ಗಾಡಿ, ತಳ್ಳುಗಾಡಿ ಕಾಲದ ಗೋಡೆ. 2020ರ ಸೆಪ್ಟೆಂಬರಿನಲ್ಲಿ ವಿಶ್ವವಿದ್ಯಾಲಯದ ಹತ್ತಿರ ಗ್ರಿಮ್‌ಬರ್ಗ್‌ವಾಲ್ ದಡ ಇದ್ದಕ್ಕಿದ್ದಂತೆ ಕುಸಿದು ಕಾಲುವೆಗೆ ಬಿತ್ತು. ಮರದ ಕಂಬದ ಮೇಲೆ ನಿಂತ ದಡ ಸುಮಾರು 200 ಕಿಲೋಮೀಟರ್ ಉಂಟು. ಅದನ್ನೆಲ್ಲ ಪರೀಕ್ಷೆ ಮಾಡಿ ದುರಸ್ತಿ ಮಾಡುವ ಕೆಲಸ ನಡೆಯುತ್ತಲೇ ಇದೆ. ಭಾರದ ಲಾರಿಗಳಿಗೆ ಊರ ಮಧ್ಯೆ ನಿರ್ಬಂಧ ಹಾಕಿದ್ದಾರೆ. ಎಲ್ಲಾದರೂ ದಡಕ್ಕೆ ಒತ್ತಿ ಕಬ್ಬಿಣದ ಹಲಗೆ ಹೊಡೆದು ನಿಲ್ಲಿಸಿದ್ದು ಕಂಡರೆ ಅಂಕಲ್‌ಗೆ ತೋರಿಸಿ. ಫೋಟೊಗೆ ಅಡ್ಡ ಅಂತ ಜನ ಬೇಜಾರು ಮಾಡಿಕೊಳ್ಳುತ್ತಾರೆ. ನನಗೆ ಮಾತ್ರ ಊರು ಉಳಿಯುತ್ತಿರುವುದು ಅಲ್ಲೇ ಕಾಣುತ್ತದೆ.

ಬೆಳಗಾವಿ ಕುಂದಾ (ಐಂಡ್‌ಹೋವನ್)

ಊಟದ ಮಾತು ನನಗೆ ಬಿಡಿ.

ಅಮ್ಮಾವ್ರಿಗೆ ಸುರಿನಾಮಿ ರೊಟ್ಟಿ ತಿನ್ನಿಸಿ. ದಕ್ಷಿಣ ಅಮೆರಿಕದ ಸುರಿನಾಮ್ ಡಚ್ಚರ ವಸಾಹತು ಆಗಿತ್ತು. 1873ರ ಜೂನ್ 5ರಂದು ಲಲ್ಲಾ ರೂಖ್ ಎಂಬ ಹಡಗು ಕಲ್ಕತ್ತೆಯಿಂದ ಮೊದಲ ಕೂಲಿಯಾಳುಗಳನ್ನು ಅಲ್ಲಿಗೆ ತಂದು ಇಳಿಸಿತು. ಹೆಚ್ಚಿನವರು ಈಗಿನ ಉತ್ತರ ಪ್ರದೇಶ, ಬಿಹಾರ ಕಡೆಯವರು. 1975ರಲ್ಲಿ ಸುರಿನಾಮ್ ಸ್ವತಂತ್ರ ಆಗುವ ಆಸುಪಾಸಿನಲ್ಲಿ ಅವರ ಮೊಮ್ಮಕ್ಕಳು, ಮರಿಮಕ್ಕಳು ಸಾವಿರಗಟ್ಟಲೆ ಈ ದೇಶಕ್ಕೆ ಬಂದರು. ಈಗ ಇಲ್ಲಿನ ಮೂಲೆ ಮೂಲೆಯಲ್ಲೂ ಅವರ ಅಂಗಡಿ. ಬೇಳೆ ಪುಡಿ ತುಂಬಿದ ದೊಡ್ಡ ಮೆತ್ತನೆ ರೊಟ್ಟಿ, ಜೊತೆಗೆ ಆಲೂಗಡ್ಡೆ ಪಲ್ಯ, ಉದ್ದದ ಅಲಸಂದೆ ಕಾಯಿ ಪಲ್ಯ, ಕೆಲವು ಕಡೆ ಕುಂಬಳಕಾಯಿ. ಸಾಮಾನ್ಯವಾಗಿ ಕೋಳಿ ಮತ್ತು ಬೇಯಿಸಿದ ಮೊಟ್ಟೆ ಹಾಕಿ ಕೊಡುತ್ತಾರೆ, ಅದಕ್ಕೆ ಮೊದಲೇ ‘ಮಾಂಸ ಬೇಡ, ಮೊಟ್ಟೆ ಬೇಡ’ ಅಂತ ಹೇಳಿ. ಡೆ ಪೈಪ್ ಬಡಾವಣೆಯ ಆಲ್ಬರ್ಟ್ ಕೈಪ್ ಸಂತೆಯ ಸುತ್ತಮುತ್ತ ಸಿಗುತ್ತದೆ. ಆ ಸಂತೆ ಭಾನುವಾರ ಇರುವುದಿಲ್ಲ, ಶನಿವಾರವೇ ಹೋಗಿ. ಅಂಗಡಿಯ ಅಜ್ಜಿಯರು ನಮ್ಮವರನ್ನು ಕಂಡರೆ ಭೋಜಪುರಿ ಬೆರೆತ ತಮ್ಮ ಸರ್ನಾಮಿ ಮಾತಿನಲ್ಲಿ ಮಾತಾಡಿಸುತ್ತಾರೆ. ಅಮ್ಮಾವ್ರಿಗೆ ಒಂದಿಷ್ಟು ಹಿಂದಿ ಬಂದರೆ ಮಾತು ಬೇಗ ಮುಗಿಯುವುದಿಲ್ಲ.

ಚೀಸ್ ಬಗ್ಗೆ ಎಚ್ಚರ. ಹಳೇ ಪದ್ಧತಿಯ ಗೌಡಾ ಚೀಸಿಗೆ ಹಾಲು ಒಡೆಯಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕುತ್ತಾರೆ. ಕಟ್ಟುನಿಟ್ಟಿನ ಸಸ್ಯಾಹಾರಿಗಳಿಗೆ ಅದು ಆಗುವುದಿಲ್ಲ. ಸಸ್ಯಾಹಾರಿ ರೆನೆಟ್ ಹಾಕಿದ ಚೀಸೂ ಸಿಗುತ್ತದೆ, ಕೇಳಿ ತೆಗೆದುಕೊಳ್ಳಿ. ಸಂತೆಯಲ್ಲಿ ರುಚಿ ನೋಡಲು ತುಂಡು ಕೊಡುವ ಮುಂಚೆಯೇ ಕೇಳಬೇಕು. ಬಿಸಿ ಸ್ಟ್ರೂಪ್‌ವಾಫೆಲ್ (ನಡುವೆ ಪಾಕ ಹಚ್ಚಿದ ಬಿಸ್ಕತ್ತು), ಪಾಫರ್ಚೆಸ್ (ಪುಟ್ಟ ಸಿಹಿ ಪ್ಯಾನ್‌ಕೇಕ್) ಎರಡರಲ್ಲೂ ಮೊಟ್ಟೆ ಇರಬಹುದು. ಆಲೂಗಡ್ಡೆ ಫ್ರೀಟ್ (ಫ್ರೆಂಚ್ ಫ್ರೈಸ್) ತಿನ್ನಬಹುದು, ಎಣ್ಣೆ ಯಾವುದು ಅಂತ ಕೇಳಿ, ಮೇಯೊನೇಸ್ ಬೇಡ ಅನ್ನಿ.

ಬಹಳ ಕಡೆ ನೋಟು ಚಿಲ್ಲರೆ ತೆಗೆದುಕೊಳ್ಳುವುದಿಲ್ಲ, ಕಾರ್ಡ್ ಇರಲಿ. ಟ್ರಾಮ್, ಮೆಟ್ರೊ, ರೈಲಿಗೂ ಅದೇ ಬ್ಯಾಂಕ್ ಕಾರ್ಡ್ ತಾಗಿಸಿದರೆ ಸಾಕು. ಹತ್ತುವಾಗ ಒಮ್ಮೆ, ಇಳಿಯುವಾಗ ಒಮ್ಮೆ. ಒಬ್ಬೊಬ್ಬರಿಗೆ ಒಂದೊಂದು ಕಾರ್ಡ್ ಬೇಕು.

ಲಂಡನ್ ಕನ್ನಡತಿ

ರೈಕ್ಸ್‌ಮ್ಯೂಸಿಯಂ ಬಿಡಬೇಡಿ ದಯವಿಟ್ಟು. ಲಿಫ್ಟ್ ಇದೆ, ಕೂರಲು ಜಾಗ ಇದೆ. ಎಲ್ಲ ನೋಡಲು ಹೋಗಬೇಡಿ. ರೆಂಬ್ರಾಂಟ್ 1642ರಲ್ಲಿ ಬರೆದ ‘ನೈಟ್ ವಾಚ್’ ಚಿತ್ರದ ಮುಂದೆ ಹತ್ತು ನಿಮಿಷ ನಿಲ್ಲಿ. ಆಮೇಲೆ ಏಷ್ಯಾ ವಿಭಾಗಕ್ಕೆ ಹೋಗಿ. ಅಲ್ಲಿ ತಮಿಳುನಾಡಿನ ಚೋಳರ ಕಾಲದ ಕಂಚಿನ ನಟರಾಜ ಇದ್ದಾನೆ, ಒಂದೂವರೆ ಮೀಟರ್ ಎತ್ತರ. ಒಳಗೆ ಟೊಳ್ಳೋ ಗಟ್ಟಿಯೋ ಅಂತ ತಿಳಿಯಲು ರಾಟರ್‌ಡ್ಯಾಮ್ ಬಂದರಿನಲ್ಲಿ ಕಂಟೇನರ್ ತಪಾಸಣೆ ಮಾಡುವ ಎಕ್ಸ್‌ರೇ ಯಂತ್ರಕ್ಕೆ ಒಡ್ಡಿ ನೋಡಿದರು. ಪೂರ್ತಿ ಗಟ್ಟಿ ಎರಕ! ಅವನ ಮುಂದೆ ನನ್ನ ಅತ್ತೆ ಚಪ್ಪಲಿ ಬಿಟ್ಟು ಕೈ ಮುಗಿದರು. ಕಾವಲಿನವರು ಏನೂ ಅನ್ನಲಿಲ್ಲ. ಗುಡಿಯಲ್ಲಿ ಇರಬೇಕಾದವನು ಇಲ್ಲಿದ್ದಾನಲ್ಲ ಅಂತ ನನಗೆ ಸಂಕಟವೂ ಆಯಿತು, ಸುಳ್ಳು ಹೇಳುವುದಿಲ್ಲ.

ಕುಂದಾಪ್ರದ ಹುಡುಗ

ಸೈಕಲ್ ವಿಷಯ ಯಾರೂ ಹೇಳಲಿಲ್ಲ. ಅಪ್ಪ ಅಮ್ಮನ ಜೊತೆ ಹೋಗುವವರಿಗೆ ಅದೇ ದೊಡ್ಡ ಅಪಾಯ, ಕಾರಲ್ಲ. ಕೆಂಪು ಬಣ್ಣದ ಡಾಂಬರು ಕಂಡರೆ ಅದು ಸೈಕಲ್ ದಾರಿ. ಅಲ್ಲಿ ನಿಂತು ಫೋಟೊ ತೆಗೆಯಬಾರದು. ದಾಟುವಾಗ ಎರಡೂ ಕಡೆ ನೋಡಿ, ಸಟ್ಟನೆ ಹಿಂದೆ ಸರಿಯಬಾರದು. ಬೆಲ್ ಹೊಡೆಯುತ್ತಾರೆ, ಆದರೆ ನಿಲ್ಲುವುದಿಲ್ಲ. ಊರಿನ ಜನರಿಗಿಂತ ಸೈಕಲ್ ಸಂಖ್ಯೆ ಜಾಸ್ತಿ. ಸ್ಟೇಷನ್ ಎದುರಿನ ನೀರಿನ ಕೆಳಗೆ 2023ರಲ್ಲಿ 7,000 ಸೈಕಲ್ ನಿಲ್ಲಿಸುವ ಜಾಗ ಕಟ್ಟಿದ್ದಾರೆ. ಇಂಜಿನಿಯರ್ ಸಾಹೇಬರಿಗೆ ಅದನ್ನೂ ತೋರಿಸಿ. ನೀರು ಹೊರಗೆ ತೆಗೆದು, ಕಟ್ಟಿ, ಮತ್ತೆ ನೀರು ಬಿಟ್ಟ ಕೆಲಸ ಅದು.

ಹೊಸಬರು ಊರ ಮಧ್ಯೆ ಸೈಕಲ್ ಬಾಡಿಗೆ ತೆಗೆದುಕೊಳ್ಳುವುದು ಬೇಡ.

ಆಮ್ಸ್ಟೆಲ್ ದಂಡೆ

ಹೋಟೆಲ್ ಬುಕ್ ಮಾಡುವಾಗ ‘ಕಾಲುವೆ ಪಕ್ಕದ ಹಳೇ ಮನೆ’ ಅಂತ ಕಂಡರೆ ಲಿಫ್ಟ್ ಇದೆಯಾ ಅಂತ ಕೇಳಿಯೇ ದುಡ್ಡು ಕಟ್ಟಿ. ಅಲ್ಲಿನ ಮೆಟ್ಟಿಲು ಏಣಿಗೂ ಕಡಿದು. ಬಾಡಿಗೆ ಮೇಲೆ 12.5 ಶೇಕಡಾ ಪ್ರವಾಸಿ ತೆರಿಗೆ ಬೇರೆ ಬೀಳುತ್ತದೆ. ಪಂಪ್‌ಹೌಸ್ ನೋಡುವುದಿದ್ದರೆ ಹಾರ್ಲೆಮಿನಲ್ಲೇ ಉಳಿಯಿರಿ. ರೈಲಿನಲ್ಲಿ ಕಾಲು ಗಂಟೆ ಚಿಲ್ಲರೆ. ಆ ಊರಿಗೂ ಕಾಲುವೆ ಇದೆ, ಗದ್ದಲ ಕಡಿಮೆ.

ಟ್ಯುಲಿಪ್ ತೋಟ ಕ್ಯೂಕೆನ್‌ಹಾಫ್ ಮೇ ಎರಡನೇ ವಾರದ ಹೊತ್ತಿಗೆ ಮುಚ್ಚುತ್ತದೆ. ಅದಕ್ಕೆ ಒಂದು ದಿನ ಪೂರ್ತಿ ಬೇಕು. ಈ ಸಲ ಬಿಡಿ. ಗಾಳಿಯಂತ್ರವನ್ನೂ ಬಿಡಿ.

ಎರಡು ಜಾಗ ಮಾತ್ರ ಸೇರಿಸಿ. ಒಂದು ರೋಕಿನ್ ಮೆಟ್ರೊ ಸ್ಟೇಷನ್. 2018ರಲ್ಲಿ ಶುರುವಾದ ಆ ಮಾರ್ಗ ತೋಡುವಾಗ ಆಮ್ಸ್ಟೆಲ್ ನದಿಯ ಹಳೆಯ ತಳದಲ್ಲಿ ಸುಮಾರು 7 ಲಕ್ಷ ವಸ್ತು ಸಿಕ್ಕವು. ಅದರಲ್ಲಿ ಸಾವಿರಾರನ್ನು ಎಸ್ಕಲೇಟರ್‌ಗಳ ನಡುವೆ ಗಾಜಿನಡಿ ಜೋಡಿಸಿದ್ದಾರೆ. ಬೀಗದ ಕೈ, ನಾಣ್ಯ, ತಂಬಾಕು ಸೇದುವ ಮಣ್ಣಿನ ಚಿಲುಮೆ, ಚಮಚ, ಹಳೇ ಮೊಬೈಲ್. ಏಳೆಂಟು ನೂರು ವರ್ಷ ಈ ಊರಿನವರ ಕೈಜಾರಿ ನೀರಿಗೆ ಬಿದ್ದದ್ದೆಲ್ಲ ಅಲ್ಲಿದೆ. ಮೆಟ್ರೊ ಟಿಕೆಟ್ ಬಿಟ್ಟರೆ ಬೇರೆ ದುಡ್ಡಿಲ್ಲ. ಡೆ ಪೈಪಿಗೆ ರೊಟ್ಟಿ ತಿನ್ನಲು ಹೋಗುವ ದಾರಿಯಲ್ಲೇ ಬರುತ್ತದೆ.

ಇನ್ನೊಂದು ಸ್ಟೇಷನ್ ಹಿಂದಿನ ಫೆರಿ. ಐ ಎಂಬ ಅಗಲದ ನೀರನ್ನು ದಾಟಿಸುತ್ತದೆ, ಬಿಟ್ಟಿ. ಎನ್‌ಡಿಎಸ್‌ಎಂ ಕಡೆಯದನ್ನು ಹತ್ತಿದರೆ ಹಳೆಯ ಹಡಗುಕಟ್ಟೆಗೆ ಹೋಗುತ್ತೀರಿ. ಕೆಲಸಕ್ಕೆ ಹೋಗುವವರು, ಮಕ್ಕಳನ್ನು ಸೈಕಲಿನಲ್ಲಿ ಕೂರಿಸಿಕೊಂಡ ಅಮ್ಮಂದಿರು, ಎಲ್ಲರ ಮಧ್ಯೆ ನಿಂತು ದಾಟುವಾಗ ಊರು ಅಂದರೆ ಇವರದು ಅನ್ನಿಸುತ್ತದೆ.

ಹೇಮಾವತಿ ತೀರ

ಹೋಗಿ ಬಂದೆವು! ಹಾರ್ಲೆಮಿನಲ್ಲೇ ಉಳಿದಿದ್ದೆವು. ಮಳೆ ಬಂತು, ಗಾಳಿಗೆ ಕೊಡೆ ನಿಲ್ಲಲಿಲ್ಲ, ರೇನ್‌ಕೋಟೇ ಬೇಕು ಅಂತ ಮುಂದೆ ಹೋಗುವವರಿಗೆ ಹೇಳುತ್ತೇನೆ.

ನೂರ್ಡರ್‌ಮಾರ್ಕ್ಟ್ ಸಂತೆಯಲ್ಲಿ ಅಮ್ಮ ಅಣಬೆ ಮಾರುವವರ ಮುಂದೆ ನಿಂತುಬಿಟ್ಟರು. ಆಮೇಲೆ ಪ್ರಿನ್ಸೆನ್‌ಗ್ರಾಖ್ಟಿನಲ್ಲಿ ಬಾಗಿಲ ಕಲ್ಲುಗಳನ್ನು ಅವರೇ ಮೊದಲು ಹುಡುಕುತ್ತಿದ್ದರು. ಒಂದರಲ್ಲಿ ಬಾವಿ ಕೆತ್ತಿದ್ದರು, ಅದರ ಫೋಟೊ ಊರಿಗೆಲ್ಲ ಹೋಗಿದೆ. ಒಂದು ಮನೆಗೆ ಸೋಫಾ ಎಳೆಯುತ್ತಿದ್ದದ್ದು ಅದೃಷ್ಟಕ್ಕೆ ಸಿಕ್ಕಿತು. ಕೆಳಗೊಬ್ಬ ಹಗ್ಗ ಹಿಡಿದು ಸೋಫಾ ಗೋಡೆಯಿಂದ ದೂರ ಎಳೆದಿಡುತ್ತಿದ್ದ, ಮೇಲಿನ ಕಿಟಕಿಯಲ್ಲಿ ಇಬ್ಬರು ಕೈ ಚಾಚಿ ಕಾಯುತ್ತಿದ್ದರು. ಗೋಡೆ ಬಾಗಿಸಿ ಕಟ್ಟಿದ್ದು ಯಾಕೆ ಅಂತ ಅಪ್ಪ ಅಲ್ಲೇ ಅಳತೆ ಹಾಕಿ ವಿವರಿಸಿದರು.

ಆಮ್ಸ್ಟೆಲ್ ಲಾಕ್ ಹತ್ತಿರ ಅವರನ್ನು ಎಬ್ಬಿಸಲು ಆಗಲಿಲ್ಲ. ಬಾಗಿಲು ನೀರಿನ ಒತ್ತಡಕ್ಕೇ ಬಿಗಿಯಾಗುವ ಹಾಗೆ ಕೋನ ಮಾಡಿ ಜೋಡಿಸಿದ್ದಾರೆ ಅಂತ ತೋರಿಸಿದರು. ‘ನಾವು ನೀರು ಸಾಲದು ಅಂತ ಗೇಟು ಹಾಕಿದೆವು, ಇವರು ಜಾಸ್ತಿ ಆಯಿತು ಅಂತ ಹಾಕಿದ್ದಾರೆ. ಲೆಕ್ಕ ಎರಡೂ ಕಡೆ ಒಂದೇ’ ಅಂದರು. ಕ್ರೂಕಿಯಸ್‌ಗೆ ಅವರು ಮತ್ತು ನನ್ನ ಗಂಡ ಹೋಗಿದ್ದರು. ನಾನು ಅಮ್ಮ ರೊಟ್ಟಿ ಅಂಗಡಿಯಲ್ಲಿ ಕೂತು ಅಲಸಂದೆ ಪಲ್ಯ ಇನ್ನೊಂದು ಸಲ ಹಾಕಿಸಿಕೊಂಡೆವು. ಅದಕ್ಕೆ ತೆಂಗಿನಕಾಯಿ ಒಂದು ಕಡಿಮೆ ಅಂತ ಅಮ್ಮನ ತೀರ್ಪು.

ರಾತ್ರಿ ಬೋಟಿನ ವಿಚಾರದಲ್ಲಿ ದಂಡೆ ಅವರು ಹೇಳಿದ್ದೇ ಸರಿ.

ತುಂಗೆ ಮಗಳು (ಮ್ಯೂನಿಕ್)

ಎಲ್ಲ ಓದಿದೆ, ಉಳಿಸಿಟ್ಟುಕೊಂಡಿದ್ದೇನೆ. ನಮ್ಮದು ಡಿಸೆಂಬರ್ ಪ್ಲಾನ್, ಜೊತೆಗೆ ಆರು ವರ್ಷದ ಮಗ. ಆ ಚಳಿಗೆ ಇದೆಲ್ಲ ಆಗುತ್ತದಾ?

ಆಮ್ಸ್ಟೆಲ್ ದಂಡೆ

ಆಗುತ್ತದೆ. ಚಳಿಗಾಲದಲ್ಲಿ ಕಾಲುವೆ ಉದ್ದಕ್ಕೂ ಬೆಳಕಿನ ಕಲಾಕೃತಿ ಇಡುತ್ತಾರೆ, ಆಮ್‌ಸ್ಟರ್‌ಡ್ಯಾಮ್ ಲೈಟ್ ಫೆಸ್ಟಿವಲ್ ಅಂತ. ನವೆಂಬರ್ ಕೊನೆಯಿಂದ ಜನವರಿವರೆಗೆ. ಸಂಜೆ ಐದಕ್ಕೆ ಕತ್ತಲಾಗುವುದರಿಂದ ಮಗುವಿಗೆ ನಿದ್ದೆ ಬರುವ ಮುಂಚೆಯೇ ಬೋಟ್ ಮುಗಿಸಬಹುದು. ಬೆಳಿಗ್ಗೆ ಸಿಂಗೆಲ್ ಕಾಲುವೆಯ ಪೂಜನ್‌ಬೋಟ್‌ಗೆ ಹೋಗಿ. 1960ರ ದಶಕದಿಂದ ಅನಾಥ ಬೆಕ್ಕುಗಳನ್ನು ಸಾಕುತ್ತಿರುವ ದೋಣಿ ಅದು. ನೋಡಲು ಬಿಡುವ ದಿನ, ಹೊತ್ತು ಮೊದಲೇ ವಿಚಾರಿಸಿ. ಸೆಂಟ್ರಲ್ ಲೈಬ್ರರಿ ಸ್ಟೇಷನ್ ಪಕ್ಕದಲ್ಲೇ ಇದೆ, ಮಕ್ಕಳಿಗೆ ಬೇರೆಯೇ ವಿಭಾಗ, ಒಳಗೆ ಹೋಗಲು ದುಡ್ಡಿಲ್ಲ. ಮೇಲಿನ ಮಹಡಿಯಿಂದ ಊರೆಲ್ಲ ಕಾಣುತ್ತದೆ. ಮಳೆ ಜೋರಾದರೆ ಅಲ್ಲೇ ಕೂತುಕೊಳ್ಳಿ. ಮಗನಿಗೆ ಕಿವಿ ಮುಚ್ಚುವ ಟೋಪಿ ಇರಲಿ, ನೀರಿನ ಮೇಲಿನ ಗಾಳಿ ಮ್ಯೂನಿಕ್ ಚಳಿಗಿಂತ ಬೇರೆ.